ಕಲ್ಲಿದ್ದಲ ಹಡಗಿನಲ್ಲಿ ಅಪ್ಪನ ಜೊತೆ ನಾಲ್ಕು ದಿನ

ಮೊದಲ ದಿನ

ಅಪ್ಪ ಅಮ್ಮ ಊರಿಂದ ಬಂದು ಒಂದೂವರೆ ತಿಂಗಳಾಗಿತ್ತು. ನಯಾಗರಾ ತೋರಿಸಿದೆವು. ಚಿಕಾಗೋದ ಎತ್ತರದ ಕಟ್ಟಡಗಳನ್ನು ಹತ್ತಿಸಿದೆವು. ಅಪ್ಪ ಎಲ್ಲದಕ್ಕೂ "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಿದ್ದರು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಮ್ಮ ಮನೆಯವರು, "ಮಾವ, ಇಲ್ಲಿಂದ ನಾಲ್ಕು ಗಂಟೆ ದಾರೀಲಿ ಒಂದು ಹಡಗಿದೆ. ಕಾರು, ಜನ ಎಲ್ಲಾ ಹತ್ತಿಸಿಕೊಂಡು ಹೋಗುತ್ತೆ. ಇವತ್ತಿಗೂ ಕಲ್ಲಿದ್ದಲು ಉರಿಸಿ ಉಗೀಲೇ ಓಡೋದು" ಅಂದರು. ಅಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಕಲ್ಲಿದ್ದಲಾ? ಈಗಲೂನಾ?"

ಅಪ್ಪ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದವರು. ಮೈಸೂರು–ಅರಸೀಕೆರೆ ಲೈನ್ ಇನ್ನೂ ಮೀಟರ್ ಗೇಜ್ ಇದ್ದ ಕಾಲ. ವೈಪಿ ಎಂಜಿನ್ನಿನ ಬಾಯಿಗೆ ವರ್ಷಗಟ್ಟಲೆ ಸಲಿಕೆಯಲ್ಲಿ ಕಲ್ಲಿದ್ದಲು ಹಾಕಿದ ಕೈ ಅವರದು. ಬಲ ಮುಂಗೈ ಮೇಲೆ ಒಂದು ಸುಟ್ಟ ಗುರುತಿದೆ. ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅವರಿಗೆ ನಯಾಗರಾ ಯಾಕೆ ಸಾಲಲಿಲ್ಲ ಅಂತ ನನಗೆ ಆಗ ಗೊತ್ತಾಯಿತು.

ನಾವಿರುವುದು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ಬೆಳಿಗ್ಗೆ ಬೇಗ ಹೊರಟು ಗ್ರ್ಯಾಂಡ್ ರಾಪಿಡ್ಸ್, ಮಸ್ಕೀಗನ್ ದಾಟಿ ಮಧ್ಯಾಹ್ನದ ಹೊತ್ತಿಗೆ ಲಡಿಂಗ್ಟನ್ ಸೇರಿದೆವು. ಮಿಶಿಗನ್ ಸರೋವರದ ದಡದ ಸಣ್ಣ ಊರು. ಸರೋವರ ಅಂದರೆ ನಮ್ಮ ಮನಸ್ಸಿಗೆ ಬರುವ ಕೆರೆ ಅಲ್ಲ. ಸುಮಾರು 58,000 ಚದರ ಕಿಲೋಮೀಟರ್ ನೀರು, ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ. ಆಚೆ ದಡ ಕಾಣುವುದೇ ಇಲ್ಲ. ಅಮ್ಮ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು, "ಅಯ್ಯೋ, ಸಿಹಿ ನೀರು!" ಅಂತ ಬೆರಗಾದಳು.

ಊಟ ಮುಗಿಸಿ ಹಳೇ ಕೋಸ್ಟ್ ಗಾರ್ಡ್ ಠಾಣೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋದೆವು. ಕತೆ ಶುರುವಾಗುವುದು ರೈಲಿನಿಂದ. 1874ರಲ್ಲಿ ರೈಲು ಹಳಿ ಲಡಿಂಗ್ಟನ್ ತನಕ ಬಂತು. ಮುಂದೆ ನೀರು. ಸರೋವರ ಸುತ್ತಿಕೊಂಡು ಹೋಗಬೇಕೆಂದರೆ ಚಿಕಾಗೋ ಮೂಲಕವೇ ಹೋಗಬೇಕು. ಅಲ್ಲಿನ ಯಾರ್ಡುಗಳಲ್ಲಿ ವ್ಯಾಗನ್ನುಗಳು ದಿನಗಟ್ಟಲೆ ನಿಲ್ಲುತ್ತಿದ್ದವು. ಹಾಗಾಗಿ ಮಾರನೇ ವರ್ಷವೇ ರೈಲು ಕಂಪನಿ ಒಂದು ಹಡಗನ್ನು ಬಾಡಿಗೆಗೆ ಹಿಡಿಯಿತು. ವ್ಯಾಗನ್ನಿನಿಂದ ಮೂಟೆ ಇಳಿಸು, ಹಡಗಿಗೆ ಏರಿಸು, ಆಚೆ ದಡದಲ್ಲಿ ಇಳಿಸು, ಮತ್ತೆ ಇನ್ನೊಂದು ವ್ಯಾಗನ್ನಿಗೆ ಏರಿಸು. ಹಮಾಲರ ಬೆನ್ನು ಮುರಿಯುವ ಕೆಲಸ.

ವ್ಯಾಗನ್ನನ್ನೇ ಹಡಗಿನೊಳಗೆ ತಳ್ಳಿದರೆ ಹೇಗೆ ಎಂದು ಯೋಚಿಸಿದರು. ಹಡಗಿನ ಒಳಗೇ ಹಳಿ ಹಾಕುವುದು, ದಡದ ಹಳಿಗೆ ಅದನ್ನು ಸೇರಿಸುವುದು. 1892ರಲ್ಲಿ ಆನ್ ಆರ್ಬರ್ ರೈಲ್‌ರೋಡ್ ಮರದ ಹಡಗಿನಲ್ಲಿ ಇದನ್ನು ಮಾಡಿ ತೋರಿಸಿತು. ಈ ದೊಡ್ಡ ನೀರಿನಲ್ಲಿ ಆಗದ ಕೆಲಸ ಎಂದು ತುಂಬಾ ಜನ ತಿಳಿದಿದ್ದರು. 1897ರಲ್ಲಿ ಲಡಿಂಗ್ಟನ್ನಿಗೆ 'ಪೇರ್ ಮಾರ್ಕೆಟ್' ಎಂಬ ಹಡಗು ಬಂತು. ರಾಬರ್ಟ್ ಲೋಗನ್ ವಿನ್ಯಾಸ ಮಾಡಿದ್ದು. ವ್ಯಾಗನ್ ಸಾಗಿಸಲು ಉಕ್ಕಿನಲ್ಲಿ ಕಟ್ಟಿದ ಇಲ್ಲಿನ ಮೊದಲ ಹಡಗು ಅದು. ಒಂದು ಸಲಕ್ಕೆ 30 ವ್ಯಾಗನ್ ಹಿಡಿಸುತ್ತಿತ್ತು. ಮುಂದಿನ ಐವತ್ತು ವರ್ಷ ಎಲ್ಲರೂ ಅದನ್ನೇ ನೋಡಿ ಹಡಗು ಕಟ್ಟಿದರು.

ಅಪ್ಪ ಒಂದು ಫೋಟೋ ಮುಂದೆ ತುಂಬಾ ಹೊತ್ತು ನಿಂತರು. ಚಿಕ್ಕ ಎಂಜಿನ್ ಒಂದು ವ್ಯಾಗನ್ ಸಾಲನ್ನು ಹಡಗಿನ ಹಿಂಬಾಗಿಲಿಗೆ ತಳ್ಳುತ್ತಿದೆ. "ಒಂದೇ ಕಡೆ ಹಳಿಗೆ ಎಲ್ಲಾ ತಳ್ಳಿಬಿಟ್ರೆ ಹಡಗು ಆ ಕಡೆ ವಾಲುತ್ತಲ್ಲ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಹಾಕ್ಬೇಕು. ಶಂಟಿಂಗ್ ಮಾಡೋನು ಬಲು ಹುಷಾರಿರಬೇಕು" ಅಂದರು. ಪಕ್ಕದ ಫಲಕದಲ್ಲಿ ಬರೆದಿದ್ದೂ ಅದೇ. ನಾನು ಓದಿ ಹೇಳುವ ಮೊದಲೇ ಅವರಿಗೆ ತಿಳಿದಿತ್ತು.

ಸಂಜೆ ಏಳಕ್ಕೆ ಹಡಗು ಬರುತ್ತದೆ ಎಂದು ಆರೂವರೆಗೇ ದಡಕ್ಕೆ ಹೋಗಿ ಕೂತೆವು. ಮೊದಲು ಕಂಡಿದ್ದು ಹೊಗೆ, ನೀರಿನ ಅಂಚಿನಲ್ಲಿ ಬೆರಳಿನಷ್ಟು. ಆಮೇಲೆ ಕಪ್ಪು ಬಿಳುಪಿನ ಹಡಗು. ಎಸ್‌ಎಸ್ ಬ್ಯಾಜರ್. 410 ಅಡಿ ಉದ್ದ. ನೋಡ ನೋಡುತ್ತಲೇ ದೊಡ್ಡದಾಗುತ್ತಾ ಲೈಟ್‌ಹೌಸ್ ದಾಟಿ ಬಂದರಿನೊಳಗೆ ಬಂತು.

ಆಮೇಲೆ ನಡೆದದ್ದನ್ನು ನಾನು ಮರೆಯುವುದಿಲ್ಲ. ಹಡಗು ಒಂದು ಲಂಗರನ್ನು ಗಡಗಡ ಎಂದು ನೀರಿಗೆ ಬಿಟ್ಟಿತು. ಆ ಲಂಗರನ್ನೇ ಗೂಟ ಮಾಡಿಕೊಂಡು, ಗೂಟಕ್ಕೆ ಕಟ್ಟಿದ ಎತ್ತು ತಿರುಗಿದ ಹಾಗೆ, ಅಷ್ಟು ದೊಡ್ಡ ಹಡಗು ಪೂರ್ತಿ ತಿರುಗಿತು. ಹಿಂದೆ ಹಿಂದೆ ಸರಿಯುತ್ತಾ ದಡಕ್ಕೆ ಬೆನ್ನು ತಾಗಿಸಿ ನಿಂತಿತು. ಎಳೆದು ತರಲು ಸಹಾಯದ ದೋಣಿ ಏನೂ ಇಲ್ಲ. ಎರಡು ಎಂಜಿನ್, ಎರಡು ಪ್ರೊಪೆಲರ್, ಒಂದು ಲಂಗರು, ಅಷ್ಟೇ.

ಅಪ್ಪ ಹಡಗನ್ನು ನೋಡುತ್ತಿರಲಿಲ್ಲ. ಚಿಮಣಿ ನೋಡುತ್ತಿದ್ದರು. "ಈಗ ಹೊಗೆ ಸ್ವಲ್ಪ ಕಪ್ಪಗಿದೆ. ನಮ್ಮಲ್ಲಿ ಇಷ್ಟು ಕಪ್ಪು ಹೊಗೆ ಬಂದ್ರೆ ಡ್ರೈವರ್ ಬೈತಿದ್ರು" ಅಂದರು. ಹೊಗೆ ಕಪ್ಪಾದರೆ ಕಲ್ಲಿದ್ದಲು ಪೂರ್ತಿ ಉರಿಯದೆ ಹಾಳಾಗುತ್ತಿದೆ ಎಂದರ್ಥವಂತೆ.

ಎರಡನೇ ದಿನ

ಬೆಳಿಗ್ಗೆ ಎಂಟಕ್ಕೆಲ್ಲಾ ಬಂದರಿನಲ್ಲಿದ್ದೆವು. ಕಾರಿನ ಕೀ ಅವರ ಕೈಗೆ ಕೊಡಬೇಕು. ಅವರ ಹುಡುಗರೇ ಒಂದೊಂದಾಗಿ ಕಾರುಗಳನ್ನು ಹಿಂಬಾಗಿಲಿನಿಂದ ಒಳಗೆ ಓಡಿಸುತ್ತಾರೆ. ಒಂದು ಕಾಲಕ್ಕೆ ನಾಲ್ಕು ಸಾಲು ಹಳಿ ಇದ್ದ, ವ್ಯಾಗನ್ನುಗಳು ನಿಲ್ಲುತ್ತಿದ್ದ ಜಾಗ ಅದು. ಈಗ 180 ಕಾರು, 600 ಜನ ಹಿಡಿಸುತ್ತದೆ.

ನಮ್ಮ ಮನೆಯವರ ಊರು ಸಾಗರ. ಅವರು ಕಾರು ಒಳಗೆ ಹೋಗುವುದನ್ನು ನೋಡುತ್ತಾ ನಿಂತು, "ಅಂಬಾರಗೋಡ್ಲು ಲಾಂಚ್ ನೆನಪಾಯ್ತು ಕಣೇ" ಅಂದರು. ಮದುವೆಯಾದ ಹೊಸದರಲ್ಲಿ ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರಿನಲ್ಲಿ ನಮ್ಮ ಕಾರನ್ನೂ ಹೀಗೇ ಲಾಂಚಿಗೆ ಹತ್ತಿಸಿದ್ದರು. ಪಕ್ಕದಲ್ಲಿ ಬಸ್ಸು, ಬೈಕು, ಹೂವಿನ ಬುಟ್ಟಿ ಹಿಡಿದ ಹೆಂಗಸರು. 2025ರಲ್ಲಿ ಅಲ್ಲಿ ಸೇತುವೆ ಆಯಿತು. ಇಲ್ಲಿ ಸೇತುವೆಯ ಮಾತೇ ಇಲ್ಲ. ಆಚೆ ದಡದ ಮ್ಯಾನಿಟವಾಕ್‌ಗೆ 60 ಮೈಲಿ, ಅಂದರೆ 97 ಕಿಲೋಮೀಟರ್ ನೀರು. ಹಾಗಾಗಿ ಹಡಗೇ ರಸ್ತೆ. ಇದು ಸುಮ್ನೆ ಹೇಳುವ ಮಾತಲ್ಲ. ಯುಎಸ್ 10 ಹೆದ್ದಾರಿ ಲಡಿಂಗ್ಟನ್ನಿನಲ್ಲಿ ನೀರಿಗೆ ಬಂದು ನಿಲ್ಲುತ್ತದೆ, ಮ್ಯಾನಿಟವಾಕ್‌ನಲ್ಲಿ ಮತ್ತೆ ಶುರುವಾಗುತ್ತದೆ. 2015ರಲ್ಲಿ ಈ ಹಡಗಿನ ದಾರಿಯನ್ನೇ ಅಧಿಕೃತವಾಗಿ ಆ ಹೆದ್ದಾರಿಯ ಭಾಗ ಎಂದು ಸೇರಿಸಿಕೊಂಡರು.

ಒಂಬತ್ತಕ್ಕೆ ಸೀಟಿ ಊದಿತು. ಎದೆಯೊಳಗೆ ನಡುಗುವಂಥ ಸದ್ದು. ನನ್ನ ಮಗ ಕಿವಿ ಮುಚ್ಚಿಕೊಂಡ. ಅಪ್ಪ ಕಣ್ಣು ಮುಚ್ಚಿಕೊಂಡರು.

ಹೊರಟು ಹತ್ತು ನಿಮಿಷವಾದ ಮೇಲೆ ಅಪ್ಪ ಕಟಕಟೆ ಮೇಲೆ ಅಂಗೈ ಇಟ್ಟು, "ನೋಡು, ನಡುಗ್ತಾನೇ ಇಲ್ಲ. ಡೀಸೆಲ್ ಆಗಿದ್ರೆ ಕೈ ಜುಮ್ ಅಂತಿತ್ತು" ಅಂದರು. ನಾನೂ ಕೈ ಇಟ್ಟು ನೋಡಿದೆ. ಎಲ್ಲೋ ಕೆಳಗೆ ನಿಧಾನವಾಗಿ ಯಾರೋ ಉಸಿರಾಡುತ್ತಿದ್ದಂತೆ ಇತ್ತು.

ಅಪ್ಪನಿಗೆ ಕೆಳಗಿಳಿದು ಬಾಯ್ಲರ್ ನೋಡುವ ಆಸೆ. ಪ್ರಯಾಣಿಕರನ್ನು ಅಲ್ಲಿಗೆ ಬಿಡುವುದಿಲ್ಲ. ಹಡಗಿನಲ್ಲೇ ಒಂದು ಸಣ್ಣ ಮ್ಯೂಸಿಯಂ ಇದೆ, ಅಲ್ಲಿಗೆ ಹೋದೆವು. ನಾಲ್ಕು ಬಾಯ್ಲರ್, ಎರಡು ಸ್ಕಿನ್ನರ್ ಯೂನಾಫ್ಲೋ ಎಂಜಿನ್, ಒಂದೊಂದಕ್ಕೂ 3,500 ಅಶ್ವಶಕ್ತಿ. ಯೂನಾಫ್ಲೋ ಅಂದರೇನು ಅಂತ ಅಪ್ಪ ಚಿತ್ರ ನೋಡಿಯೇ ನನ್ನ ಮಗನಿಗೆ ಬಿಡಿಸಿ ಹೇಳಿದರು. ಮಾಮೂಲಿ ಎಂಜಿನ್ನಿನಲ್ಲಿ ಉಗಿ ಸಿಲಿಂಡರಿನ ತುದಿಯಿಂದ ಬಂದು, ಕೆಲಸ ಮಾಡಿ, ಬಂದ ತುದಿಯಿಂದಲೇ ಆಚೆ ಹೋಗುತ್ತದೆ. ಹೋಗುವಾಗ ಅದು ತಣ್ಣಗಾಗಿರುತ್ತದೆ. ಹಾಗಾಗಿ ಬಾಗಿಲನ್ನೂ ತಣ್ಣಗೆ ಮಾಡಿ ಹೋಗುತ್ತದೆ. ಮುಂದೆ ಬರುವ ಬಿಸಿ ಉಗಿಯ ಶಕ್ತಿ ಆ ಬಾಗಿಲನ್ನು ಮತ್ತೆ ಕಾಯಿಸುವುದಕ್ಕೇ ಸ್ವಲ್ಪ ಹೋಗಿಬಿಡುತ್ತದೆ. ಯೂನಾಫ್ಲೋದಲ್ಲಿ ಉಗಿ ತುದಿಯಿಂದ ಬರುತ್ತದೆ, ಸಿಲಿಂಡರಿನ ಮಧ್ಯದ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಹೋಗುವುದು ಒಂದೇ ದಿಕ್ಕು. ತುದಿ ಯಾವಾಗಲೂ ಬಿಸಿ, ಮಧ್ಯ ಯಾವಾಗಲೂ ತಂಪು.

"ಹಿತ್ತಲ ಬಾಗಿಲು ಬೇರೆ ಮಾಡಿದ್ದಾರೆ ಅನ್ನು ತಾತ" ಅಂದ ಮಗ. ಅಪ್ಪ ಅವನ ಬೆನ್ನು ತಟ್ಟಿದರು.

ಈ ಹಡಗನ್ನು ಕಟ್ಟಿದ್ದು ವಿಸ್ಕಾನ್ಸಿನ್ನಿನ ಸ್ಟರ್ಜನ್ ಬೇಯಲ್ಲಿ, ಕ್ರಿಸ್ಟಿ ಕಾರ್ಪೊರೇಷನ್. 1952ರ ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯಿತು, 1953ರ ಮಾರ್ಚ್‌ನಲ್ಲಿ ಕೆಲಸ ಶುರು ಮಾಡಿತು. ಅಷ್ಟು ಹೊತ್ತಿಗೆ ಎಲ್ಲರೂ ಡೀಸೆಲ್ ಕಡೆ ತಿರುಗುತ್ತಿದ್ದರು. ಇದಕ್ಕೆ ಮಾತ್ರ ಯಾಕೆ ಕಲ್ಲಿದ್ದಲು? ಕಟ್ಟಿಸಿದ್ದು ಚೆಸಪೀಕ್ ಅಂಡ್ ಓಹಾಯೋ ರೈಲ್ವೆ. ಆ ರೈಲ್ವೆಯ ಅನ್ನವೇ ಕಲ್ಲಿದ್ದಲು ಸಾಗಿಸುವುದು. ತಾನು ಹೊರುವ ಸರಕನ್ನು ತಾನೇ ಉರಿಸದೆ ಹೋದರೆ ಬೇರೆಯವರು ಕೊಳ್ಳುತ್ತಾರಾ? ಆ ಒಂದು ತೀರ್ಮಾನದಿಂದಲೇ ಇವತ್ತು ಅಮೆರಿಕದಲ್ಲಿ ಕಲ್ಲಿದ್ದಲಿನಿಂದ ಓಡುವ ಕೊನೆಯ ಪ್ರಯಾಣಿಕ ಹಡಗು ಇದೊಂದೇ ಉಳಿದಿದೆ.

ಅಪ್ಪನಿಗೆ ಒಂದು ವಿಷಯ ಮಾತ್ರ ಸ್ವಲ್ಪ ಬೇಸರ ತಂದಿತು. ಇಲ್ಲಿ ಸಲಿಕೆ ಇಲ್ಲ. ಕಲ್ಲಿದ್ದಲನ್ನು ಬೆಂಕಿಯ ಮೇಲೆ ಎರಚುವುದು ಯಂತ್ರ, 1950ರ ದಶಕದಿಂದಲೂ ಹಾಗೇ. "ಹಾಗಾದ್ರೆ ಫೈರ್‌ಮನ್ ಏನ್ ಮಾಡ್ತಾನೆ?" ಅಂದರು. ತುಸು ಹೊತ್ತು ಬಿಟ್ಟು ತಾವೇ, "ನೀರು ನೋಡ್ಬೇಕು, ಪ್ರೆಶರ್ ನೋಡ್ಬೇಕು, ಬೂದಿ ತೆಗೀಬೇಕು. ಯಂತ್ರ ಹಾಕಿದ್ರೂ ಬೆಂಕೀನ ನೋಡ್ಕೊಳ್ಳೋನು ಒಬ್ಬ ಬೇಕೇ ಬೇಕು" ಅಂದರು.

ಬೂದಿಯ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ದಶಕಗಟ್ಟಲೆ ಈ ಹಡಗಿನ ಬೂದಿಯನ್ನು ನೀರಿನೊಂದಿಗೆ ಕಲಸಿ ಸರೋವರಕ್ಕೇ ಬಿಡುತ್ತಿದ್ದರು. ವರ್ಷಕ್ಕೆ ಸುಮಾರು 500 ಟನ್. ಲಕ್ಷಾಂತರ ಜನ ಕುಡಿಯುವ ನೀರು ಇದು. ಜನ ವಿರೋಧಿಸಿದರು. ಹಡಗು ನಿಂತರೆ ಎರಡೂ ಊರುಗಳ ಹೊಟ್ಟೆಪಾಡು ಏನು ಎಂದು ಇನ್ನೊಂದು ಗುಂಪು ಕೇಳಿತು. ಕೊನೆಗೆ 2013ರಲ್ಲಿ ಸರ್ಕಾರದ ಜೊತೆ ಒಪ್ಪಂದವಾಗಿ, 2015ರ ಓಡಾಟದ ಹೊತ್ತಿಗೆ ಬೂದಿಯನ್ನು ಹಡಗಿನಲ್ಲೇ ಹಿಡಿದಿಟ್ಟು ದಡಕ್ಕೆ ತರುವ ವ್ಯವಸ್ಥೆ ಮಾಡಿದರು. ನನಗೆ ಈ ಹಡಗಿನ ಮೇಲೆ ಪ್ರೀತಿ ಇದೆ. ಆದರೂ ವಿರೋಧಿಸಿದವರು ಮಾಡಿದ್ದು ಸರಿ. ಅವರು ಬಿಡದೆ ಕೇಳಿದ್ದರಿಂದಲೇ ನೀರೂ ಉಳಿಯಿತು, ಹಡಗೂ ಉಳಿಯಿತು.

ಹನ್ನೊಂದರ ಹೊತ್ತಿಗೆ ಸುತ್ತ ನೀರು ಬಿಟ್ಟು ಬೇರೇನೂ ಇಲ್ಲ. ಅಮ್ಮ ಕಟ್ಟಿ ತಂದಿದ್ದ ಪುಳಿಯೋಗರೆ ಬಿಚ್ಚಿದೆವು. ಒಳಗಿನ ಹಾಲ್‌ನಲ್ಲಿ ಬಿಂಗೋ ಶುರುವಾಯಿತು. "ನಮ್ಮ ಹೌಸಿ ಹೌಸಿ ಅಲ್ವಾ ಇದು!" ಅಂತ ಅಮ್ಮ ಹೋಗಿ ಕೂತಳು. ಇಂಗ್ಲಿಷ್ ಅಂಕಿ ಚೆನ್ನಾಗಿ ಗೊತ್ತು. ಒಂದು ಟೊಪ್ಪಿ ಗೆದ್ದುಕೊಂಡು ಬಂದಳು.

ನಾಲ್ಕು ಗಂಟೆ ಪ್ರಯಾಣ ಮಾಡಿ ಮ್ಯಾನಿಟವಾಕ್ ತಲುಪಿದಾಗ ಗಂಟೆ ಹನ್ನೆರಡು. ನೀರಿನ ಮಧ್ಯದಲ್ಲೇ ಕಾಲಮಾನ ಬದಲಾಗುತ್ತದೆ, ಒಂದು ಗಂಟೆ ಲಾಭ.

ಮೂರನೇ ದಿನ

ಈ ದಿನದ ಬಗ್ಗೆ ನನಗೆ ಹೆಚ್ಚು ನಿರೀಕ್ಷೆ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ವಾಪಸ್ ಹಡಗು. ಅಷ್ಟರೊಳಗೆ ನದಿ ದಡದ ವಿಸ್ಕಾನ್ಸಿನ್ ಮ್ಯಾರಿಟೈಮ್ ಮ್ಯೂಸಿಯಂ ನೋಡಿಕೊಳ್ಳೋಣ ಅಂತಿದ್ದೆವು. ಅಲ್ಲಿ ಎಲ್ಲರೂ ಬರುವುದು ಯುಎಸ್‌ಎಸ್ ಕೋಬಿಯಾ ಎಂಬ ಜಲಾಂತರ್ಗಾಮಿ ನೋಡಲು. ಎರಡನೇ ಮಹಾಯುದ್ಧದಲ್ಲಿ ಸಮುದ್ರದಿಂದ ಇಷ್ಟು ದೂರದ ಈ ಊರಿನಲ್ಲಿ 28 ಜಲಾಂತರ್ಗಾಮಿ ಕಟ್ಟಿದರಂತೆ. ಮಗ ಮತ್ತು ಅವನ ಅಪ್ಪ ಅದರೊಳಗೆ ಇಳಿದರು.

ನಾನು, ಅಪ್ಪ, ಅಮ್ಮ ಕಟ್ಟಡದ ಒಳಗೇ ತಿರುಗುತ್ತಿದ್ದೆವು. ಒಂದು ಕೋಣೆ ದಾಟಿದ ಕೂಡಲೇ ಅಪ್ಪ ನಿಂತುಬಿಟ್ಟರು. ಎದುರಿಗೆ ಎರಡು ಮಹಡಿ ಎತ್ತರದ ಉಗಿ ಎಂಜಿನ್. ಚೀಫ್ ವಾವಾಟಮ್ ಎಂಬ ಹಡಗಿನದು. ಅದೂ ವ್ಯಾಗನ್ ಸಾಗಿಸುವ ಹಡಗೇ. 1911ರಿಂದ 1984ರ ತನಕ ಮಿಶಿಗನ್ನಿನ ಉತ್ತರದಲ್ಲಿ, ಮ್ಯಾಕಿನಾ ಜಲಸಂಧಿಯ ಮಂಜುಗಡ್ಡೆ ಒಡೆದುಕೊಂಡು ಓಡಾಡಿತು. ಹಡಗನ್ನು ಒಡೆದು ಬಾರ್ಜ್, ಅಂದರೆ ಎಳೆದೊಯ್ಯುವ ಸರಕು ದೋಣಿ, ಮಾಡಿದಾಗ ಈ ಎಂಜಿನ್ನನ್ನು ಉಳಿಸಿ ಇಲ್ಲಿಗೆ ತಂದು ಜೋಡಿಸಿದ್ದಾರೆ. ಈಗ ಅದನ್ನು ವಿದ್ಯುತ್ ಮೋಟರಿನಿಂದ ನಿಧಾನವಾಗಿ ತಿರುಗಿಸುತ್ತಾರೆ. ಪಿಸ್ಟನ್ ರಾಡುಗಳು ಏರುತ್ತವೆ, ಇಳಿಯುತ್ತವೆ. ಮೂರು ಸಿಲಿಂಡರ್, ಸಣ್ಣದು, ಅದಕ್ಕಿಂತ ದೊಡ್ಡದು, ಇನ್ನೂ ದೊಡ್ಡದು. ಒಂದರಲ್ಲಿ ಕೆಲಸ ಮಾಡಿದ ಉಗಿಯನ್ನು ಬಿಸಾಡದೆ ಮುಂದಿನದಕ್ಕೆ ಕೊಡುತ್ತದೆ.

ಫಲಕ ಓದಿ ನಾನು ಅಪ್ಪನಿಗೆ ಹೇಳಿದೆ, "ಅಪ್ಪ, ಈ ಹಡಗಿಗೆ ಕೊನೇವರೆಗೂ ಕೈಯಲ್ಲೇ ಕಲ್ಲಿದ್ದಲು ಹಾಕ್ತಿದ್ರಂತೆ. 84ರ ತನಕ."

"ಎಂಬತ್ನಾಲ್ಕಾ?" ಅಂದರು. "ಆಗ ನಾನೂ ಹಾಕ್ತಿದ್ದೆ."

ಅಷ್ಟೇ ಅಂದಿದ್ದು. ಆಮೇಲೆ ಅವರು ಎಡಗಾಲು ಸ್ವಲ್ಪ ಮುಂದಿಟ್ಟು, ಸೊಂಟ ತಿರುಗಿಸಿ, ಇಲ್ಲದ ಸಲಿಕೆಯನ್ನು ಇಲ್ಲದ ಬೆಂಕಿಯ ಬಾಯಿಗೆ ಬೀಸಿದರು. ತುದಿಯಲ್ಲಿ ಮಣಿಕಟ್ಟನ್ನು ಒಂದು ಸಣ್ಣ ತಿರುವು ತಿರುಗಿಸಿದರು. "ಮೂಲೆಗೆ ಬೀಳಬೇಕಂದ್ರೆ ಹೀಗೆ. ಮಧ್ಯಕ್ಕೆ ಗುಡ್ಡೆ ಹಾಕ್ಬಾರದು. ತೆಳ್ಳಗೆ, ಎಲ್ಲಾ ಕಡೆ" ಅಂದರು. ನಲವತ್ತು ವರ್ಷ ಹಳೆಯ ಚಲನೆ. ಮಂಡಿ ನೋವು ಅಂತ ಮೆಟ್ಟಿಲು ಹತ್ತಲು ಕಷ್ಟಪಡುವ ಅಪ್ಪನ ಮೈ ಅದನ್ನು ಒಂದಿಷ್ಟೂ ಮರೆತಿರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಕಾಲದಲ್ಲಿ ಬೂದಿ ಮೆತ್ತಿದ ಬಟ್ಟೆ ಒಗೆದವಳು ಅವಳು.

ದಾರಿಯಲ್ಲಿ ನಾರ್ತ್ ಎಯ್ತ್ ಸ್ಟ್ರೀಟ್‌ನಲ್ಲಿ ರಸ್ತೆ ನಡುವೆ ಹಾಕಿದ ಒಂದು ಹಿತ್ತಾಳೆ ಬಳೆ ನೋಡಿದೆವು. 1962ರಲ್ಲಿ ರಷ್ಯಾದ ಸ್ಪುಟ್ನಿಕ್ 4ರ ತುಂಡು ಬಿದ್ದ ಜಾಗ. ಮಗನಿಗೆ ಇಡೀ ಪ್ರವಾಸದಲ್ಲಿ ಇದೇ ಹೆಚ್ಚು ಹಿಡಿಸಿತು.

ವಾಪಸ್ ಬರುವಾಗ ಗಾಳಿ ಎದ್ದಿತ್ತು. ಹಡಗು ಮೆಲ್ಲಗೆ ತೂಗುತ್ತಿತ್ತು. ನಮಗೆ ಅದು ತೊಟ್ಟಿಲು. ಆದರೆ ಈ ನೀರು ಯಾವಾಗಲೂ ಹೀಗಿರುವುದಿಲ್ಲ. ವ್ಯಾಗನ್ ಹಡಗುಗಳು ಚಳಿಗಾಲದಲ್ಲೂ ನಿಲ್ಲುತ್ತಿರಲಿಲ್ಲ. 1910ರ ಸೆಪ್ಟೆಂಬರ್‌ನಲ್ಲಿ ಲಡಿಂಗ್ಟನ್ನಿನಿಂದ ಮಿಲ್ವಾಕೀಗೆ ಹೊರಟ ಪೇರ್ ಮಾರ್ಕೆಟ್ 18 ಎಂಬ ಹಡಗಿಗೆ ನಡುನೀರಿನಲ್ಲಿ ನೀರು ನುಗ್ಗಿತು. ಭಾರ ಇಳಿಸಲು ವ್ಯಾಗನ್ನುಗಳನ್ನೇ ಹಿಂದಿನಿಂದ ನೀರಿಗೆ ತಳ್ಳಿದರು. ವೈರ್‌ಲೆಸ್ ಮೇಲೆ ಕೂತವನು ಸಹಾಯಕ್ಕೆ ಕರೆಯುತ್ತಲೇ ಇದ್ದ. ಆ ಕರೆ ಕೇಳಿ ಪೇರ್ ಮಾರ್ಕೆಟ್ 17 ಬಂದು ಮೂವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತು. ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಕರೆದವನೂ ಹೋದ. 1929ರ ಅಕ್ಟೋಬರ್‌ನಲ್ಲಿ ಮಿಲ್ವಾಕೀ ಎಂಬ ಹಡಗು ಬಿರುಗಾಳಿಯಲ್ಲಿ ಹೊರಟಿತು. ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಡೆಕ್ ಮೇಲಿನ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು ಇದನ್ನು ಅಪ್ಪನಿಗೆ ಹೇಳಿದೆ. ಅವರು, "ಬಾಯ್ಲರ್ ಕೆಳಗಿರುತ್ತಲ್ಲ, ಅಲ್ಲಿದ್ದೋರಿಗೆ ಮೇಲೆ ಏನಾಗ್ತಿದೆ ಅಂತಾನೂ ಗೊತ್ತಾಗಿರಲ್ಲ" ಅಂದರು.

ಲಡಿಂಗ್ಟನ್ ದೀಪಗಳು ಕಂಡಾಗ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟೆವು. ನಿನ್ನೆ ಸಿಕ್ಕಿದ್ದನ್ನು ವಾಪಸ್ ಕೊಟ್ಟ ಹಾಗಾಯಿತು.

ನಾಲ್ಕನೇ ದಿನ

ಬೆಳಿಗ್ಗೆಯೇ ಮನೆಗೆ ಹೊರಡಬೇಕಿತ್ತು. "ಒಂಬತ್ತರ ತನಕ ಇದ್ದು ಹೋಗೋಣ" ಅಂದರು ಅಪ್ಪ. ಹಾಗಾಗಿ ಮತ್ತೆ ಬಂದರಿಗೆ ಹೋದೆವು.

ಬ್ಯಾಜರ್ ಪಕ್ಕದಲ್ಲಿ ಅದರದೇ ಅಚ್ಚಿನ ಇನ್ನೊಂದು ಹಡಗು ನಿಂತಿದೆ. ಹೆಸರು ಸ್ಪಾರ್ಟನ್. ಒಂದೇ ಕಾರ್ಖಾನೆ, ಒಂದೇ ವರ್ಷ ನೀರಿಗಿಳಿದ ಅಕ್ಕ ತಂಗಿ. ಒಂದಕ್ಕೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡದ ಹೆಸರು, ಇನ್ನೊಂದಕ್ಕೆ ಮಿಶಿಗನ್ ಸ್ಟೇಟ್ ತಂಡದ ಹೆಸರು. ಸ್ಪಾರ್ಟನ್ 1979ರಲ್ಲಿ ನಿಂತಿದ್ದು ಮತ್ತೆ ಹೊರಡಲಿಲ್ಲ. ಬ್ಯಾಜರ್‌ಗೆ ಏನಾದರೂ ಮುರಿದರೆ ಇದರಿಂದ ಬಿಚ್ಚಿ ಹಾಕುತ್ತಾರೆ. ಹೊಸ ಬಿಡಿಭಾಗ ಎಲ್ಲೂ ಸಿಗುವುದಿಲ್ಲ ಅಲ್ವಾ? ತುಕ್ಕು ಹಿಡಿದ ಸ್ಪಾರ್ಟನ್ ಮೈ ಮೇಲೆ ಹಕ್ಕಿಗಳು ಕೂತಿದ್ದವು.

ಬ್ಯಾಜರ್ ಕೂಡ ಹಾಗೇ ಆಗಬೇಕಿತ್ತು. 1955ರಲ್ಲಿ ಲಡಿಂಗ್ಟನ್ನಿನ ಹಡಗುಗಳು ಎರಡು ಲಕ್ಷಕ್ಕೂ ಹೆಚ್ಚು ವ್ಯಾಗನ್ ದಾಟಿಸಿದ್ದವು. ಆಮೇಲೆ ಹೆದ್ದಾರಿಗಳಾದವು, ಲಾರಿಗಳು ಬಂದವು, ಚಿಕಾಗೋ ಯಾರ್ಡುಗಳೂ ಸುಧಾರಿಸಿದವು. ಒಂದೊಂದೇ ದಾರಿ ಮುಚ್ಚಿತು. 1983ರಲ್ಲಿ ರೈಲ್ವೆ ಹಡಗುಗಳನ್ನು ಮಾರಿ ಕೈ ತೊಳೆದುಕೊಂಡಿತು. ಕೊಂಡವರು ಏಳು ವರ್ಷ ಒದ್ದಾಡಿ, 1990ರ ನವೆಂಬರ್‌ನಲ್ಲಿ ನಿಲ್ಲಿಸಿದರು. ಆ ಚಳಿಗಾಲ ಬಾಯ್ಲರುಗಳಲ್ಲಿ ಬೆಂಕಿಯೇ ಇರಲಿಲ್ಲ.

ಉಳಿಸಿದ್ದು ಇದೇ ಊರಿನವರು. ಚಾರ್ಲ್ಸ್ ಕಾನ್ರಾಡ್, ಹಾಲಂಡ್ ಎಂಬ ಊರಿನಲ್ಲಿ ಥರ್ಮೋಟ್ರಾನ್ ಕಂಪನಿ ಕಟ್ಟಿ ನಿವೃತ್ತರಾಗಿದ್ದವರು. 1991ರಲ್ಲಿ ತಮ್ಮ ಹಣ ಹಾಕಿ ಹಡಗು ಕೊಂಡರು. ವ್ಯಾಗನ್ನಿನ ಕಾಲ ಮುಗಿಯಿತು, ಇನ್ನು ಕಾರು ಮತ್ತು ಜನ ಎಂದು ತೀರ್ಮಾನಿಸಿದರು. 1992ರ ಮೇ ತಿಂಗಳಲ್ಲಿ ಬ್ಯಾಜರ್ ಮತ್ತೆ ಸೀಟಿ ಊದಿತು. ಅವರು 1995ರಲ್ಲಿ ತೀರಿಕೊಂಡರು. ಮಾರನೇ ವರ್ಷ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಹಡಗಿನ ಎಂಜಿನ್ ವ್ಯವಸ್ಥೆಯನ್ನು ಚಾರಿತ್ರಿಕ ಹೆಗ್ಗುರುತು ಎಂದು ಗೌರವಿಸಿತು. 2016ರಲ್ಲಿ ಹಡಗೇ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. 2023ರ ಜುಲೈನಲ್ಲಿ ದಡದ ಇಳಿಜಾರು ಸೇತುವೆಯ ಭಾಗ ಕುಸಿದು ಉಳಿದ ಓಡಾಟವೆಲ್ಲ ರದ್ದಾಯಿತು. ಮರುವರ್ಷ ರಿಪೇರಿಯಾಗಿ ಮತ್ತೆ ಹೊರಟಿತು.

ಇದನ್ನೆಲ್ಲ ಕೇಳಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆ ಎರಡು ವರ್ಷ ನಿಂತಿತ್ತಲ್ಲ. ಕೆಲಸ ಗೊತ್ತಿದ್ದೋರು ಅಷ್ಟು ಹೊತ್ತಿಗೆ ಬೇರೆ ಕಡೆ ಹೋಗಿಬಿಟ್ಟಿರಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಚಿಮಣಿ ಕಡೆ ಕೈ ತೋರಿಸಿ, "ಯಾರೋ ಒಬ್ಬಿಬ್ಬರು ಉಳಿದಿರಬೇಕು. ಇಲ್ಲದಿದ್ರೆ ಇವರಿಗೆ ಕಲಿಸಿದ್ಯಾರು?" ಅಂದರು.

ಸರಿಯಾಗಿ ಒಂಬತ್ತಕ್ಕೆ ಸೀಟಿ. ಹಡಗು ದಡ ಬಿಟ್ಟಿತು. ನಾವು ಕಲ್ಲಿನ ತಡೆಗೋಡೆ ಮೇಲೆ ಲೈಟ್‌ಹೌಸ್ ತನಕ ನಡೆದೆವು. ಪಕ್ಕದಲ್ಲೇ ಹಾದುಹೋಯಿತು. ಡೆಕ್ ಮೇಲಿದ್ದ ಜನ ಕೈ ಬೀಸಿದರು. ನಾವೂ ಬೀಸಿದೆವು. ಅಮ್ಮನ ತಲೆ ಮೇಲೆ ಬಿಂಗೋದಲ್ಲಿ ಗೆದ್ದ ಟೊಪ್ಪಿ ಇತ್ತು.

ಹಡಗು ಬೆರಳಿನಷ್ಟಾಗುವ ತನಕ ಅಪ್ಪ ಅಲ್ಲೇ ನಿಂತಿದ್ದರು. ಕಪ್ಪು ಹೊಗೆ ತಿಳಿಯಾಗಿ ಬೂದು ಬಣ್ಣಕ್ಕೆ ಬಂತು. ಆಮೇಲೆ ಆಕಾಶಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣದಷ್ಟು ತೆಳ್ಳಗಾಯಿತು.

"ಈಗ ಸರಿಯಾಯ್ತು ನೋಡು" ಅಂದರು ಅಪ್ಪ. "ಬೆಂಕಿ ಚೆನ್ನಾಗಿ ಕೂತಿದೆ. ಇನ್ನು ಆಚೆ ದಡದ ತನಕ ಯೋಚನೆ ಇಲ್ಲ."